ಫ್ರಾಂಕ್‌ಫರ್ಟಿನ ಕಲಿಕೆಯ ಮನೆ

ಯೆಹೂದ್ಯರೆಂದರೆ ನಮ್ಮ ಕಡೆಯ ಓದುಗರಿಗೆ ಮಂಜೇಶ್ವರದ ಗೋವಿಂದ ಪೈಗಳ 'ಗೊಲ್ಗೊಥಾ' ನೆನಪಾಗಬಹುದು. ಕೊಚ್ಚಿಗೆ ಹೋಗಿಬಂದವರಿಗೆ ಮಟ್ಟಾಂಚೇರಿಯ ಸಿನಗಾಗ್, ಅದರ ನೆಲಕ್ಕೆ ಹಾಸಿದ ನೀಲಿ ಚಿತ್ತಾರದ ಚೀನೀ ಬಿಲ್ಲೆಗಳು ನೆನಪಾಗಬಹುದು. ಉಳಿದಂತೆ ಹಿಟ್ಲರನ ಕಾಲದ ಹತ್ಯಾಕಾಂಡ. ಒಂದು ಜನಾಂಗವನ್ನು ಅದರ ಸಾವಿನಿಂದ ಮಾತ್ರ ನೆನಪಿಡುವುದು ಸರಿಯಲ್ಲವೆಂದು ನನಗೆ ಅನಿಸಿದೆ. ನಾನಿಲ್ಲಿ ಹೇಳಹೊರಟಿರುವುದು ಸುಮಾರು ನೂರು ವರ್ಷಗಳ ಹಿಂದೆ ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ನಡೆದ ಒಂದು ಶಾಲೆಯ ವೃತ್ತಾಂತ. ಅದು ಮಕ್ಕಳ ಶಾಲೆಯಲ್ಲ. ತಮ್ಮ ಹಿರಿಯರ ಅಕ್ಷರ ಗೊತ್ತಿಲ್ಲದ ವಕೀಲರು, ವೈದ್ಯರು, ವರ್ತಕರು, ಗೃಹಿಣಿಯರು ದಿನದ ಕೆಲಸ ಮುಗಿಸಿ ಬಂದು ಕೂತ ಶಾಲೆ. ನಾನು ಇತಿಹಾಸದ ವಿದ್ವಾಂಸನಲ್ಲ, ಬಿ.ಎ.ಗೆ ಅಷ್ಟಿಷ್ಟು ಇತಿಹಾಸ ಓದಿ ಬ್ಯಾಂಕಿನ ಕೌಂಟರಿಗೆ ಸೇರಿದವನು. ಈ ಶಾಲೆಯ ಕಥೆ ನನ್ನ ಮನಸ್ಸಿನಲ್ಲಿ ಯಾಕೆ ಕೂತಿತೆಂಬುದನ್ನು ಮುಂದೆ ಹೇಳುತ್ತೇನೆ.

1871ರಲ್ಲಿ ಜರ್ಮನಿ ಒಂದು ಸಾಮ್ರಾಜ್ಯವಾದಾಗ ಅಲ್ಲಿನ ಯೆಹೂದ್ಯರಿಗೆ ಕಾನೂನಿನ ಸಮಾನತೆ ದೊರಕಿತು. ಅವರು ಆ ದೇಶವನ್ನು ಮನಸಾರೆ ಪ್ರೀತಿಸಿದರು. ಮಕ್ಕಳು ಜರ್ಮನ್ ಶಾಲೆಗಳಲ್ಲಿ ಓದಿ ಗೊಯಥೆಯನ್ನೂ ಷಿಲ್ಲರನನ್ನೂ ಬಾಯಿಪಾಠ ಮಾಡಿದರು. ಹೀಬ್ರೂ ಅವರ ಮನೆಮಾತು ಯಾವ ಕಾಲಕ್ಕೂ ಆಗಿರಲಿಲ್ಲ, ಅದು ಪ್ರಾರ್ಥನೆಯ ಮತ್ತು ಗ್ರಂಥಗಳ ಭಾಷೆ. ಅಜ್ಜ ಅದನ್ನು ಅರ್ಥ ತಿಳಿದು ಓದುತ್ತಿದ್ದ, ಅಪ್ಪ ಅರ್ಥ ತಿಳಿಯದೆ ಓದುತ್ತಿದ್ದ, ಮಗನಿಗೆ ಓದಲಿಕ್ಕೇ ಬರುತ್ತಿರಲಿಲ್ಲ. ವರ್ಷಕ್ಕೆರಡು ಬಾರಿ ಸಿನಗಾಗ್‌ಗೆ ಹೋದರೆ ಹೋದರು, ಇಲ್ಲವಾದರೆ ಇಲ್ಲ. ಇದನ್ನು ಯಾರೂ ಅವರ ಮೇಲೆ ಬಲವಂತವಾಗಿ ಹೇರಲಿಲ್ಲ. ಒಳ್ಳೆಯ ನೌಕರಿ, ಒಳ್ಳೆಯ ನೆರೆಹೊರೆ, ಒಳ್ಳೆಯ ಸಂಗೀತ, ಇವುಗಳ ನಡುವೆ ಮೆಲ್ಲಗೆ ಕಳಚಿಹೋದ ವಸ್ತು ಅದು.

ಫ್ರಾನ್ಜ್ ರೋಸೆನ್‌ಜ್ವೈಗ್ ಹುಟ್ಟಿದ್ದು ಇಂಥ ಒಂದು ಮನೆಯಲ್ಲಿ, ಕಾಸೆಲ್ ಎಂಬ ಊರಿನಲ್ಲಿ, 1886ರ ಡಿಸೆಂಬರ್ 25ರಂದು. ತಂದೆ ಬಣ್ಣದ ಕಾರ್ಖಾನೆಯ ಒಡೆಯ, ಊರಿನ ಗಣ್ಯ. ಮನೆಯಲ್ಲಿ ಹಳೆಯ ವಿಷಯ ಮಾತಾಡುವವನು ಅಜ್ಜನ ತಮ್ಮನಾದ ಆದಾಮ್ ಒಬ್ಬನೇ. ಹುಡುಗ ಹನ್ನೊಂದರ ವಯಸ್ಸಿನಲ್ಲಿ ತನಗೆ ಹೀಬ್ರೂ ಕಲಿಸುವ ಮೇಷ್ಟ್ರು ಬೇಕೆಂದು ಕೇಳಿದನಂತೆ. ಅದು ಬಹಳ ದೂರ ಹೋಗಲಿಲ್ಲ. ಮೊದಲು ವೈದ್ಯಕೀಯ, ಆಮೇಲೆ ಇತಿಹಾಸ ಮತ್ತು ತತ್ತ್ವಶಾಸ್ತ್ರ ಓದಿ, ಫ್ರೀಡ್ರಿಕ್ ಮೈನೆಕೆ ಎಂಬ ಹೆಸರಾಂತ ಇತಿಹಾಸಕಾರನ ಕೈಕೆಳಗೆ ಹೆಗೆಲನ ರಾಜಕೀಯ ಚಿಂತನೆಯ ಬಗ್ಗೆ ಪ್ರಬಂಧ ಬರೆದು 1912ರಲ್ಲಿ ಡಾಕ್ಟರೇಟ್ ಪಡೆದ.

ಆತನ ಬಂಧುಗಳಲ್ಲಿ, ಗೆಳೆಯರಲ್ಲಿ ಹಲವರು ಕ್ರೈಸ್ತ ಮತಕ್ಕೆ ಸೇರಿದ್ದರು. 1913ರ ಜುಲೈಯಲ್ಲಿ ಲೈಪ್ಜಿಗ್ ನಗರದಲ್ಲಿ, ಹಾಗೆಯೇ ಮತಾಂತರಗೊಂಡಿದ್ದ ಗೆಳೆಯ ರೋಸೆನ್‌ಸ್ಟಾಕ್ ಎಂಬವನ ಜತೆ ರಾತ್ರಿಯೆಲ್ಲ ವಾದ ನಡೆಯಿತು. ರೋಸೆನ್‌ಜ್ವೈಗ್ ಸೋತ. ತಾನೂ ಮತಾಂತರವಾಗುವುದೆಂದು ನಿಶ್ಚಯಿಸಿದ. ಒಂದೇ ಒಂದು ಷರತ್ತು ಹಾಕಿಕೊಂಡ: ಏನೂ ಇಲ್ಲದವನಾಗಿ ಅಲ್ಲ, ಯೆಹೂದ್ಯನಾಗಿ ಆ ಬಾಗಿಲು ದಾಟಬೇಕು. ಹಾಗೆಂದು ಅಕ್ಟೋಬರ್ 11ರಂದು, ಯೆಹೂದ್ಯರ ಪ್ರಾಯಶ್ಚಿತ್ತದ ಉಪವಾಸದ ದಿನವಾದ ಯೋಮ್ ಕಿಪ್ಪೂರ್‌ನಂದು, ಬರ್ಲಿನ್‌ನ ಒಂದು ಚಿಕ್ಕ ಸಿನಗಾಗ್‌ನಲ್ಲಿ ಹೋಗಿ ನಿಂತ. ಹೊರಗೆ ಬಂದಾಗ ಮನಸ್ಸು ಬದಲಾಗಿತ್ತು ಎನ್ನುತ್ತಾರೆ. ಆ ತಿಂಗಳ ಕೊನೆಗೆ ಬಂಧುವೊಬ್ಬನಿಗೆ ಬರೆದ ಕಾಗದದಲ್ಲಿ ತಾನು ಯೆಹೂದ್ಯನಾಗಿಯೇ ಉಳಿಯುವುದಾಗಿ ತಿಳಿಸಿದ.

ಈ ಕಥೆಯನ್ನು ಪ್ರಚಾರಕ್ಕೆ ತಂದವನು ಶಿಷ್ಯನಾದ ನಹೂಮ್ ಗ್ಲಾಟ್ಸರ್, 1953ರಲ್ಲಿ ಬರೆದ ಜೀವನಚರಿತ್ರೆಯಲ್ಲಿ. ಅದಕ್ಕೆ ಆಧಾರ ರೋಸೆನ್‌ಜ್ವೈಗನ ತಾಯಿಯ ಮಾತು. ಸ್ವತಃ ಆತ ಆ ದಿನದ ಬಗ್ಗೆ ಹೀಗೆ ನಡೆಯಿತೆಂದು ಎಲ್ಲೂ ಬರೆದಿಲ್ಲವಾದ್ದರಿಂದ ಈಚಿನ ವಿದ್ವಾಂಸರು ಸಂಶಯಪಡುತ್ತಾರೆ. ಒಂದೇ ಹಗಲಿನಲ್ಲಿ ಮನುಷ್ಯ ಬದಲಾಗುತ್ತಾನೆಂಬುದರಲ್ಲಿ ನನಗೂ ನಂಬಿಕೆ ಕಡಿಮೆ. ನನಗೆ ಮುಖ್ಯವೆನಿಸುವುದು ಆಮೇಲಿನ ಸಂಗತಿ. ಡಾಕ್ಟರೇಟ್ ಪಡೆದ ಇಪ್ಪತ್ತೇಳು ವರ್ಷದ ಆ ವಿದ್ವಾಂಸ ಬರ್ಲಿನ್‌ನಲ್ಲಿ ಎಪ್ಪತ್ತು ದಾಟಿದ್ದ ಹರ್ಮನ್ ಕೊಹೆನ್ ಎಂಬ ತತ್ತ್ವಜ್ಞಾನಿಯ ಪಾಠಕ್ಕೆ ವಿದ್ಯಾರ್ಥಿಯಾಗಿ ಸೇರಿ, ಹೀಬ್ರೂವನ್ನೂ ತನ್ನವರ ಗ್ರಂಥಗಳನ್ನೂ ಓದತೊಡಗಿದ.

ಅಷ್ಟರಲ್ಲಿ ಯುದ್ಧ ಬಂತು. ಜರ್ಮನಿಯ ಪರವಾಗಿ ಸುಮಾರು 1,00,000 ಯೆಹೂದ್ಯರು ಕಾದಿದರು, ಸುಮಾರು 12,000 ಮಂದಿ ಸತ್ತರು. ಹಾಗಿದ್ದೂ 1916ರಲ್ಲಿ ಸೈನ್ಯದ ಅಧಿಕಾರಿಗಳು, ಯೆಹೂದ್ಯರು ಯುದ್ಧಭೂಮಿಯಿಂದ ತಪ್ಪಿಸಿಕೊಳ್ಳುತ್ತಿದ್ದಾರೆಂಬ ಗುಮಾನಿಯ ಮೇಲೆ, ಅವರನ್ನು ಮಾತ್ರ ಪ್ರತ್ಯೇಕವಾಗಿ ಲೆಕ್ಕ ಮಾಡಿಸಿದರು. ಲೆಕ್ಕದ ಫಲಿತಾಂಶವನ್ನು ಆಗ ಪ್ರಕಟಿಸಲಿಲ್ಲ. ತಮ್ಮನ್ನು ಜರ್ಮನರೆಂದೇ ತಿಳಿದಿದ್ದ ತರುಣರಿಗೆ ಇದು ಬೆನ್ನಿಗೆ ಬಿದ್ದ ಏಟು. ನೀನು ಬೇರೆ ಎಂದು ಹೊರಗಿನವನು ಹೇಳುತ್ತಾನೆ, ಏನು ಬೇರೆ ಎಂದು ಕೇಳಿದರೆ ತನಗೇ ಗೊತ್ತಿಲ್ಲ.

ರೋಸೆನ್‌ಜ್ವೈಗ್ ಮ್ಯಾಸಿಡೋನಿಯದ ರಣರಂಗದಲ್ಲಿ ವಿಮಾನ ಹೊಡೆಯುವ ಫಿರಂಗಿ ದಳದಲ್ಲಿದ್ದ. ಅಲ್ಲಿಂದಲೇ 1917ರಲ್ಲಿ ಗುರು ಕೊಹೆನ್‌ಗೆ ಒಂದು ಬಹಿರಂಗ ಪತ್ರ ಬರೆದು, ಯೆಹೂದ್ಯ ಮಕ್ಕಳ ವಿದ್ಯಾಭ್ಯಾಸಕ್ಕೆ ಏನಾದರೂ ಮಾಡುವ ಕಾಲ ಬಂದಿದೆ ಎಂದ. ಅದರ ಫಲವಾಗಿ ಒಂದು ಅಕಾಡೆಮಿ ಹುಟ್ಟಿತಾದರೂ ಅದು ವಿದ್ವಾಂಸರ ಸಂಶೋಧನೆಯ ಕಡೆಗೆ ತಿರುಗಿಬಿಟ್ಟಿತು. (ಇಂಥದ್ದನ್ನು ನಾವೂ ಕಂಡವರೇ.) ಅದೇ ರಣರಂಗದಲ್ಲಿ ತನ್ನ ದೊಡ್ಡ ತತ್ತ್ವಗ್ರಂಥವನ್ನು ಅಂಚೆ ಕಾರ್ಡುಗಳ ಮೇಲೆ ಬರೆಯಲು ತೊಡಗಿ ತಾಯಿಗೆ ಕಳುಹಿಸುತ್ತಿದ್ದ. 'ವಿಮೋಚನೆಯ ನಕ್ಷತ್ರ' ಎಂಬ ಆ ಗ್ರಂಥ ಅಚ್ಚಾದದ್ದು 1921ರಲ್ಲಿ. ಅದನ್ನು ಅರ್ಥಮಾಡಿಕೊಂಡೆನೆಂದು ನಾನು ಸುಳ್ಳು ಹೇಳುವುದಿಲ್ಲ.

1920ರಲ್ಲಿ ಮೈನೆಕೆ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕನಾಗುವ ದಾರಿ ತೋರಿಸಿದಾಗ ಶಿಷ್ಯ ಬೇಡವೆಂದ. ವಿದ್ವಾಂಸರು ಕೇಳುವ ಪ್ರಶ್ನೆಗಳಿಗಿಂತ ಮನುಷ್ಯರು ಕೇಳುವ ಪ್ರಶ್ನೆಗಳಿಗೆ ಉತ್ತರ ಹುಡುಕುವುದೇ ಇನ್ನು ತನ್ನ ಕೆಲಸ ಎಂಬ ಭಾವದ ಕಾಗದ ಬರೆದ. ಅದೇ ವರ್ಷ ಮದುವೆಯಾಗಿ, ಫ್ರಾಂಕ್‌ಫರ್ಟಿಗೆ ಬಂದು, ಅಲ್ಲಿ ಆರಂಭದ ಹಂತದಲ್ಲಿದ್ದ ವಯಸ್ಕರ ಶಿಕ್ಷಣದ ಕೆಲಸವನ್ನು ಕೈಗೆತ್ತಿಕೊಂಡ. ಅದಕ್ಕೆ 'ಮುಕ್ತ ಯೆಹೂದಿ ಲೇರ್‌ಹೌಸ್' ಎಂದು ಹೆಸರಿಟ್ಟ. ಲೇರ್‌ಹೌಸ್ ಎಂದರೆ ಕಲಿಕೆಯ ಮನೆ. ಸಿನಗಾಗ್‌ನ ಪಕ್ಕದಲ್ಲಿ ಗಂಡಸರು ಕೂತು ಗ್ರಂಥ ಓದುತ್ತಿದ್ದ ಹಳೆಯ 'ಬೇತ್ ಮಿದ್ರಾಶ್' ಎಂಬ ಹೀಬ್ರೂ ಹೆಸರಿಗೆ ಜರ್ಮನ್ ರೂಪ ಅದು.

'ಮುಕ್ತ' ಎಂದರೆ ಬಿಟ್ಟಿ ಎಂದಲ್ಲ. ಪ್ರವೇಶ ಪರೀಕ್ಷೆಯಿಲ್ಲ, ಕೊನೆಗೆ ಪ್ರಮಾಣಪತ್ರವಿಲ್ಲ, ಯಾರೂ ಬರಬಹುದು, ಏನನ್ನೂ ಕೇಳಬಹುದು ಎಂಬರ್ಥ. ಶುಲ್ಕ ಮಾತ್ರ ಕೊಡಲೇಬೇಕಿತ್ತು, ಅದೂ ತೀರಾ ಕಡಿಮೆಯದಲ್ಲ. ಯಾರ ಹಂಗಿಗೂ ಬೀಳದೆ ಸಂಸ್ಥೆ ತನ್ನ ಕಾಲ ಮೇಲೆ ನಿಲ್ಲಬೇಕು ಎಂಬುದು ಆತನ ಲೆಕ್ಕ. ವರ್ಷವನ್ನು ಮೂರು ಅವಧಿಗಳಾಗಿ ಮಾಡಿ ಪಾಠಗಳನ್ನು ಹಂಚಿದ್ದರು. ಬೈಬಲ್, ತಾಲ್ಮುದ್, ಪ್ರಾರ್ಥನಾ ಪುಸ್ತಕ, ಇತಿಹಾಸ, ಇವೆಲ್ಲವುಗಳ ಜತೆಗೆ ಹೀಬ್ರೂ ತರಗತಿಗಳು.

1920ರ ಅಕ್ಟೋಬರ್ 17ರಂದು ನಡೆದ ಆರಂಭದ ಭಾಷಣದಲ್ಲಿ ಆತ ಹೇಳಿದ್ದರ ಸಾರ ಇಷ್ಟು. ಹಿಂದಿನವರಿಗೆ ಗ್ರಂಥವೇ ಮನೆ, ಅಲ್ಲಿಂದ ಅವರು ಬದುಕಿನ ಕಡೆಗೆ ಹೊರಟರು. ನಾವು ಹೊರಗೆ, ಅಂಚಿನಲ್ಲಿದ್ದೇವೆ, ಗ್ರಂಥದ ಬಗ್ಗೆ ಏನೂ ಗೊತ್ತಿಲ್ಲದ ಬದುಕಿನಿಂದ ಹೊರಟು ಗ್ರಂಥದ ಕಡೆಗೆ ಬರಬೇಕು. ಆದ್ದರಿಂದ ನಮ್ಮ ಕಲಿಕೆ ಹಿಮ್ಮುಖದ ಕಲಿಕೆ. ನಮ್ಮಲ್ಲಿ ಪರಕೀಯನಾಗದವನು ಯಾರೂ ಇಲ್ಲ. ಯಾರೂ ಏನನ್ನೂ ಬಿಟ್ಟು ಬರಬೇಕಾಗಿಲ್ಲ. ವಕೀಲ ತನ್ನ ವಕೀಲಿಯನ್ನೂ, ಜರ್ಮನ್ ಕಾವ್ಯ ಪ್ರಿಯ ತನ್ನ ಕಾವ್ಯವನ್ನೂ ಜತೆಗೇ ತರಲಿ.

ಇನ್ನೊಂದು ಮಾತು ನನಗೆ ಹೆಚ್ಚು ಹಿಡಿಸಿತು. ಎಲ್ಲ ತಿಳಿದವನು ಇಲ್ಲಿ ಒಳ್ಳೆಯ ಗುರುವಲ್ಲ. ನಿನ್ನೆ ಮೊನ್ನೆ ಕಲಿಯತೊಡಗಿದವನಿಗೆ ಮುಂದಿನವನ ಎಡವು ಎಲ್ಲಿದೆಯೆಂದು ಗೊತ್ತಿರುತ್ತದೆ. ಹಾಗಾಗಿ ಕಲಿಸುವವನು ಕಲಿಯುವವನೂ ಆಗಿರಬೇಕು. ಲೇರ್‌ಹೌಸ್‌ನಲ್ಲಿ ಬೈಬಲ್ ಪಾಠ ಮಾಡಿದವರಲ್ಲಿ ಎಡ್ವರ್ಡ್ ಸ್ಟ್ರಾಸ್ ರಸಾಯನಶಾಸ್ತ್ರಜ್ಞ. ರಿಚರ್ಡ್ ಕೋಖ್ ವೈದ್ಯ. ಮಾರ್ಟಿನ್ ಬೂಬರ್, ಗೆರ್ಷೋಮ್ ಶೋಲೆಮ್, ಎರಿಕ್ ಫ್ರಾಮ್ ಮುಂದೆ ಜಗತ್ತಿಗೇ ಪರಿಚಿತರಾದವರು. ಯೆಹೂದಿ ಮಹಿಳಾ ಸಂಘವನ್ನು 1904ರಲ್ಲಿ ಕಟ್ಟಿದ ಬರ್ಥಾ ಪಾಪೆನ್‌ಹೈಮ್ ಕೂಡ ಅಲ್ಲಿ ಮಾತಾಡಿದ್ದುಂಟು. ಹಳೆಯ ಕ್ರಮದಲ್ಲಿ ತಾಲ್ಮುದ್ ಓದು ಗಂಡಸರ ಸೊತ್ತು, ಈ ಮನೆಯಲ್ಲಿ ಹೆಂಗಸರೂ ಕೂತರು.

ಎಲ್ಲವೂ ಚೆನ್ನಾಗಿಯೇ ನಡೆಯಿತೆಂದಲ್ಲ. ರೋಸೆನ್‌ಜ್ವೈಗನ ಉಪನ್ಯಾಸ ಕೇಳುಗರ ತಲೆಯ ಮೇಲಿಂದ ಹೋಗುತ್ತಿತ್ತು, ಜನ ಕಡಿಮೆಯಾಗುತ್ತಾ ಬಂದರು. ಬೂಬರ್ ಮಾತಾಡುವ ದಿನ ಸಭಾಂಗಣ ತುಂಬುತ್ತಿತ್ತು. ರೋಸೆನ್‌ಜ್ವೈಗ್‌ಗೆ ಹೆಚ್ಚು ಬೇಕಾಗಿದ್ದುದು ತುಂಬಿದ ಸಭಾಂಗಣಕ್ಕಿಂತ ಕೆಲವೇ ಜನ ಒಂದು ಪುಟದ ಸುತ್ತ ಕೂತು ಚರ್ಚಿಸುವ ಚಿಕ್ಕ ಗುಂಪುಗಳು. ಆರು ವರ್ಷಗಳಲ್ಲಿ ಸುಮಾರು 90 ಉಪನ್ಯಾಸಮಾಲೆಗಳು, ಅದರ ಇಮ್ಮಡಿಯಷ್ಟು ಅಧ್ಯಯನ ಗುಂಪುಗಳು ನಡೆದವು. ಸುಮಾರು 30,000 ಯೆಹೂದ್ಯರಿದ್ದ ಆ ನಗರದಲ್ಲಿ ಅತಿ ಹೆಚ್ಚೆಂದರೆ 1,100ರಷ್ಟು ಮಂದಿ ಒಂದು ಹೊತ್ತಿಗೆ ಸೇರಿದ್ದುಂಟು. ಬಹುಪಾಲು ಜನ ಮನೆಯಲ್ಲೇ ಉಳಿದರು ಎಂಬುದನ್ನೂ ಈ ಅಂಕಿ ಹೇಳುತ್ತದೆ.

ಇಲ್ಲಿ ಸ್ವಲ್ಪ ನನ್ನ ಮಾತು. ಮೊದಲೇ ಹೇಳಿಬಿಡುತ್ತೇನೆ, ಕಾಸರಗೋಡು ಫ್ರಾಂಕ್‌ಫರ್ಟ್ ಅಲ್ಲ, ಮಲಯಾಳಿ ನೆರೆಯವರು ನಮಗೆ ಶತ್ರುಗಳಲ್ಲ, ಕನ್ನಡ ಒಂದು ಮತವೂ ಅಲ್ಲ. ಹೋಲಿಕೆಯನ್ನು ಎಳೆದರೆ ಹರಿಯುತ್ತದೆ. ಆದರೆ ಒಂದು ಎಳೆ ಇದೆ. ನಮ್ಮಲ್ಲಿ ಅನೇಕರ ಮನೆಮಾತು ತುಳು, ಕೊಂಕಣಿ, ಮರಾಟಿ ಅಥವಾ ಹವ್ಯಕರ ಕನ್ನಡ. ಪುಸ್ತಕದ ಕನ್ನಡ ನಮಗೆ ಶಾಲೆಯ, ಯಕ್ಷಗಾನ ಪ್ರಸಂಗದ, ಕಾಗದಪತ್ರದ ಭಾಷೆ. ಅಕ್ಷರ ತಪ್ಪಿದರೆ ಅದು ಪೂರ್ತಿ ತಪ್ಪಿದಂತೆ. ಮನೆಯಲ್ಲಿ ಮಾತಾಡಿ ಉಳಿಸಿಕೊಳ್ಳುತ್ತೇವೆ ಎನ್ನುವ ಹಾಗಿಲ್ಲ.

ನನ್ನ ಅಕ್ಕನ ಮಗ ಬೆಳೆದದ್ದು ಎರ್ನಾಕುಳಂನಲ್ಲಿ. ಓದಿದ್ದು ಇಂಗ್ಲಿಷ್, ಮಲಯಾಳ. ಏಳೆಂಟು ವರ್ಷಗಳ ಹಿಂದೆ, ಅವನಿಗೆ ಇಪ್ಪತ್ತರ ಹತ್ತಿರ ವಯಸ್ಸು, ಊರಿನ ಒಂದು ಮದುವೆಗೆ ಬಂದವನು ತಾನಾಗಿಯೇ ಅಕ್ಷರ ಕಲಿಯಲು ತೊಡಗಿದ್ದ. ರಸ್ತೆಯಲ್ಲಿ ಬಸ್ಸಿನ ಬೋರ್ಡು ಓದಿದ: 'ಪುತೂತರು'. ಒತ್ತಕ್ಷರವನ್ನು ಮುಂದಿನ ಅಕ್ಷರವೆಂದು ತಿಳಿದರೆ ಪುತ್ತೂರು ಹಾಗೆಯೇ ಆಗಬೇಕು, ತಪ್ಪಿನಲ್ಲಿ ಒಂದು ನ್ಯಾಯವಿತ್ತು. ನಾವು ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು, ಊಟದ ಪಂಕ್ತಿಯಲ್ಲಿ ಮತ್ತೆರಡು ಬಾರಿ ಹೇಳಿ ಎಲ್ಲರನ್ನೂ ನಗಿಸಿದವನೂ ನಾನು. ಅವನೂ ನಕ್ಕ. ಆಮೇಲೆ ನಮ್ಮ ಮುಂದೆ ಅವನು ಕನ್ನಡ ಓದಿದ್ದನ್ನು ಯಾರೂ ನೋಡಲಿಲ್ಲ.

ಲೇರ್‌ಹೌಸ್‌ನ ವಿಷಯ ಓದುವಾಗ ಇದು ನೆನಪಾಯಿತು, ಇದರ ಜತೆಗೆ ಇನ್ನೊಂದೂ. ನನ್ನ ಮೊದಲ ನೇಮಕ ಚಂದ್ರಗಿರಿ ಹೊಳೆಯ ದಕ್ಷಿಣದ ಶಾಖೆಯಲ್ಲಿ. ಮಲಯಾಳ ಮಾತಾಡಲು ಬರುತ್ತಿತ್ತು, ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಬರಹ ಬರುತ್ತಿರಲಿಲ್ಲ. ಗಿರಾಕಿಗಳ ಅರ್ಜಿ ಹಿಡಿದುಕೊಂಡು ಪಕ್ಕದ ಮೇಜಿಗೆ ಹೋಗಬೇಕಿತ್ತು. ಅಲ್ಲಿದ್ದ ಹಿರಿಯ ಸಹೋದ್ಯೋಗಿ ಚೇಚಿಯೊಬ್ಬರು ದಿನಾ ಊಟದ ಬಿಡುವಿನಲ್ಲಿ ಪತ್ರಿಕೆಯ ತಲೆಬರಹಗಳನ್ನು ಇಟ್ಟುಕೊಂಡು ನನಗೆ ಓದಲು ಕಲಿಸಿದರು. ಎರಡು ಬಗೆಯ ರ, ನಮ್ಮ ಹಳಗನ್ನಡದಲ್ಲೂ ಇದ್ದ ಆ ೞ, ಇವುಗಳಲ್ಲಿ ನಾನು ಎಡವದ ದಿನವಿಲ್ಲ. ಅವರು ಒಮ್ಮೆಯೂ ನಗಲಿಲ್ಲ. ಕನ್ನಡ ಅಕ್ಷರ ಬರೆದು ತೋರಿಸೆಂದು ತಾವೂ ಕೇಳಿ ಕಲಿತುಕೊಂಡರು.

ಫ್ರಾಂಕ್‌ಫರ್ಟಿಗೆ ಮರಳೋಣ. 1922ರ ಆರಂಭದಲ್ಲಿ ರೋಸೆನ್‌ಜ್ವೈಗನಿಗೆ ಕೈಕಾಲಿನ ಶಕ್ತಿ ಉಡುಗಿಸುವ, ನರ ಮತ್ತು ಸ್ನಾಯುಗಳ ಗುಣವಾಗದ ಕಾಯಿಲೆ ಇದೆಯೆಂದು ತಿಳಿಯಿತು. ಹೆಚ್ಚೆಂದರೆ ವರ್ಷ ಬದುಕಬಹುದು ಎಂದರು. ಆ ಸೆಪ್ಟೆಂಬರಿನಲ್ಲಿ ಮಗ ಹುಟ್ಟಿದ. ಲೇರ್‌ಹೌಸ್‌ನ ಆಡಳಿತವನ್ನು ಇತರರಿಗೆ ವಹಿಸಬೇಕಾಯಿತು. ಬರೆಯುವ ಕೈ ಹೋಯಿತು, ಮಾತು ಹೋಯಿತು. ವಿಶೇಷವಾಗಿ ಮಾಡಿಸಿದ ಬೆರಳಚ್ಚು ಯಂತ್ರದಲ್ಲಿ ಅಕ್ಷರ ತೋರಿಸುತ್ತಿದ್ದ. ಮುಂದೆ ಅದೂ ಕಷ್ಟವಾದಾಗ ಹೆಂಡತಿ ಎಡಿತ್ ಅಕ್ಷರಮಾಲೆ ಹೇಳುತ್ತಾ ಹೋಗುವುದು, ಬೇಕಾದ ಅಕ್ಷರ ಬಂದಾಗ ಆತ ಸೂಚಿಸುವುದು. ಒಂದೊಂದು ಅಕ್ಷರವಾಗಿ, ಸುಮಾರು ಎಂಟು ವರ್ಷ.

ಹಾಗೆ ಬಂದ ಪುಸ್ತಕಗಳಲ್ಲಿ ಒಂದು, ಹನ್ನೆರಡನೆಯ ಶತಮಾನದ ಸ್ಪೇನಿನ ಹೀಬ್ರೂ ಕವಿ ಯೆಹೂದಾ ಹಲೇವಿಯ ಕವಿತೆಗಳ ಜರ್ಮನ್ ಅನುವಾದ. 1924ರಲ್ಲಿ 60 ಕವಿತೆಗಳು, 1927ರ ಆವೃತ್ತಿಯಲ್ಲಿ 92. ನಮ್ಮವರಿಗೆ ಇಲ್ಲೊಂದು ಕುತೂಹಲದ ಸಂಗತಿಯಿದೆ. ಈ ಹಲೇವಿಯ ಆಪ್ತಮಿತ್ರ ಹಲ್ಫೋನ್ ಬೆನ್ ನೆತಾನೆಲ್ ಭಾರತದ ವ್ಯಾಪಾರದಲ್ಲಿದ್ದವನು. ಅದೇ ಕಾಲದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ ಮಂಗಳೂರಿನಲ್ಲಿ ಹದಿನೇಳು ವರ್ಷಗಳಷ್ಟು ನೆಲಸಿ ಮೆಣಸು, ಅಡಿಕೆ ಕಳಿಸುತ್ತಿದ್ದ. ಇಬ್ಬರ ಕಾಗದಗಳೂ ಕೈರೋದ ಒಂದೇ ಹಳೆಯ ಸಿನಗಾಗ್‌ನ ಉಗ್ರಾಣದಲ್ಲಿ ಸಿಕ್ಕಿವೆ. ಬೆನ್ ಯಿಜುವಿನ ಜಾಡು ಹಿಡಿದು ಅಮಿತಾವ್ ಘೋಷ್ 1992ರಲ್ಲಿ ಪುಸ್ತಕ ಬರೆದದ್ದನ್ನು ಕೆಲವರು ಓದಿರಬಹುದು.

ಇನ್ನೊಂದು ಕೆಲಸ ಬೂಬರನ ಜತೆಗೂಡಿ 1925ರಲ್ಲಿ ತೊಡಗಿದ ಹೀಬ್ರೂ ಬೈಬಲಿನ ಜರ್ಮನ್ ಅನುವಾದ. ಹೀಬ್ರೂವಿನ ಉಸಿರು, ಪದಗಳ ಮರುಕಳಿಕೆ ಜರ್ಮನಿನಲ್ಲೂ ಕೇಳಬೇಕೆಂಬ ಹಟ. ಹಿರಿಯರ ಭಾಷೆ ಕಲಿಯುವುದಕ್ಕೆ ಜರ್ಮನನ್ನು ಬಿಡಬೇಕೆಂದು ಆತ ಎಂದೂ ಹೇಳಲಿಲ್ಲ. ಕನ್ನಡದವರೂ ಮಲಯಾಳದವರೂ ಒಂದೇ ಹೊದಿಕೆಯೊಳಗೆ ಬರೆಯುವ ಈ ಸಂಚಿಕೆಯಲ್ಲಿ ಇದನ್ನು ಒತ್ತಿ ಹೇಳಬೇಕೆನಿಸಿತು. ಯೆಶಾಯನ ಗ್ರಂಥದವರೆಗೆ ಬಂದಿದ್ದಾಗ, 1929ರ ಡಿಸೆಂಬರ್ 10ರಂದು ರೋಸೆನ್‌ಜ್ವೈಗ್ ತೀರಿಕೊಂಡ. ವಯಸ್ಸು 43 ತುಂಬಿರಲಿಲ್ಲ.

ಆತನ ಬಗ್ಗೆ ಹೇಳುವ ಒಂದು ಚಿಕ್ಕ ಪ್ರಸಂಗವಿದೆ. ಮುಂಜಾನೆಯ ಪ್ರಾರ್ಥನೆಯಲ್ಲಿ ಯೆಹೂದ್ಯರು ತೋಳಿಗೂ ಹಣೆಗೂ ಚರ್ಮದ ಪಟ್ಟಿ ಕಟ್ಟುತ್ತಾರೆ. ನೀವು ಕಟ್ಟುತ್ತೀರಾ ಎಂದು ಯಾರೋ ಕೇಳಿದಾಗ, ಹೌದೆಂದೂ ಇಲ್ಲವೆಂದೂ ಹೇಳದೆ 'ಇನ್ನೂ ಇಲ್ಲ' ಎಂದನಂತೆ.

ಲೇರ್‌ಹೌಸ್‌ನ ಉಪನ್ಯಾಸಗಳು ಆತ ಬದುಕಿದ್ದಾಗಲೇ, 1920ರ ದಶಕದ ನಡುವಿನಲ್ಲಿ ಕ್ಷೀಣಿಸಿ ನಿಂತಿದ್ದವು. ಕೆಲವು ಗುಂಪುಗಳು ಮಾತ್ರ ನಡೆಯುತ್ತಿದ್ದವು. ಮತ್ತೆ ಬಾಗಿಲು ತೆರೆಸಿದ್ದು ಹಿಟ್ಲರನ ಆಳ್ವಿಕೆ. 1933ರಲ್ಲಿ ಯೆಹೂದ್ಯರನ್ನು ನೌಕರಿಗಳಿಂದ, ವಿಶ್ವವಿದ್ಯಾಲಯಗಳಿಂದ ಹೊರಹಾಕತೊಡಗಿದಾಗ, ಆ ವರ್ಷದ ನವೆಂಬರಿನಲ್ಲಿ ಬೂಬರ್ ಲೇರ್‌ಹೌಸನ್ನು ಪುನರಾರಂಭಿಸಿದ. ಮರುವರ್ಷ ಇಡೀ ಜರ್ಮನಿಯ ಯೆಹೂದ್ಯ ವಯಸ್ಕರ ಶಿಕ್ಷಣಕ್ಕೆ ಒಂದು ಕೇಂದ್ರ ತೆರೆದ. ಪ್ಯಾಲೆಸ್ತೀನಿಗೆ ಹೋಗಿ ನೆಲಸಿದ್ದ ಅರ್ನ್‌ಸ್ಟ್ ಸಿಮೋನ್ ಎಂಬ ಹಳೆಯ ಸಂಗಾತಿ ಈ ಕೆಲಸಕ್ಕೆಂದೇ 1934ರಲ್ಲಿ ಆ ಜರ್ಮನಿಗೆ ತಿರುಗಿ ಬಂದ. ಕೆಲಸ ಕಳೆದುಕೊಂಡ ಶಿಕ್ಷಕರಿಗೆ ತರಬೇತಿ, ನಿನ್ನೆಯವರೆಗೆ ತಾನು ಯೆಹೂದ್ಯನೆಂಬುದನ್ನೇ ಮರೆತಿದ್ದವರಿಗೆ ಪಾಠ. 1935ರಲ್ಲಿ ಬೂಬರ್ ಸಾರ್ವಜನಿಕವಾಗಿ ಮಾತಾಡಬಾರದೆಂದು ಪೊಲೀಸರು ನಿಷೇಧ ಹಾಕಿದರು. 1938ರಲ್ಲಿ ಆತ ಜೆರುಸಲೇಮಿಗೆ ಹೋದ. ಆ ನವೆಂಬರಿನಲ್ಲಿ ದೇಶದುದ್ದಕ್ಕೂ ಸಿನಗಾಗ್‌ಗಳು ಸುಟ್ಟುಹೋದಾಗ ಈ ಮನೆಯ ಬಾಗಿಲೂ ಮುಚ್ಚಿತು. 1941ರ ಅಕ್ಟೋಬರ್ 19ರಂದು ಫ್ರಾಂಕ್‌ಫರ್ಟಿನಿಂದ ಸಾಮೂಹಿಕ ಸಾಗಾಟ ಆರಂಭವಾಯಿತು. ಆ ನಗರದ ಹಳೆಯ ಯೆಹೂದಿ ಸ್ಮಶಾನದ ಗೋಡೆಯಲ್ಲಿ 1996ರಲ್ಲಿ ಸ್ಮಾರಕವಾದಾಗ ಅದರ ಮೇಲೆ ಕೂರಿಸಿದ ಹೆಸರುಗಳು 11,000ಕ್ಕೂ ಹೆಚ್ಚು.

ಕಲಿತದ್ದರಿಂದ ಅವರು ಬದುಕಿ ಉಳಿಯಲಿಲ್ಲ. ಉಳಿಯಲೆಂದು ಅವರು ಕಲಿತದ್ದೂ ಅಲ್ಲ. ಬೂಬರ್ ಬೈಬಲ್ ಅನುವಾದವನ್ನು ಜೆರುಸಲೇಮಿನಲ್ಲಿ ಮುಗಿಸಿದ್ದು 1961ರಲ್ಲಿ. ಆ ಜರ್ಮನ್ ಯಾರಿಗಾಗಿತ್ತೋ ಆ ಓದುಗರು ಆಗ ಹೆಚ್ಚಾಗಿ ಇರಲಿಲ್ಲ. ಲೇರ್‌ಹೌಸ್ ಎಂಬ ಹೆಸರು ಮಾತ್ರ ಬೇರೆಡೆ ಚಿಗುರಿತು. 1974ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಅದೇ ಹೆಸರಿನ ವಯಸ್ಕರ ಶಾಲೆ ಹುಟ್ಟಿತು.

ಕಳೆದ ವರ್ಷ ನಾನು ಅಕ್ಕನ ಮಗನಿಗೆ ನನ್ನ ಅಜ್ಜನ ಒಂದು ಲೆಕ್ಕದ ಪುಸ್ತಕ ಕೊಟ್ಟೆ. ಕೊಡುವಾಗ ಬಸ್ಸಿನ ಬೋರ್ಡಿನ ವಿಷಯಕ್ಕೆ ತಪ್ಪಾಯಿತೆಂದೂ ಹೇಳಿದೆ. ಅವನು, "ಅದೆಲ್ಲ ನೆನಪಿಟ್ಟಿದ್ದೀರಾ ಮಾವ?" ಎಂದ. ಅವನಿಗೂ ನೆನಪಿತ್ತು. ಈಗ ಆದಿತ್ಯವಾರ ಫೋನಿನಲ್ಲಿ ಒಂದೊಂದು ಪುಟ ಓದುತ್ತೇವೆ. ಅಜ್ಜನ ಮೋಡಿ ಅಕ್ಷರ ನನಗೂ ಪೂರ್ತಿ ಓದಲಿಕ್ಕಾಗುವುದಿಲ್ಲ, ಒಬ್ಬ ತಡೆದಲ್ಲಿ ಇನ್ನೊಬ್ಬ ಊಹಿಸುವುದು. ಮೊನ್ನೆ 1956ರ ನವೆಂಬರ್ 1ರ ಪುಟಕ್ಕೆ ಬಂದೆವು. ನಮ್ಮ ಊರು ಕೇರಳಕ್ಕೆ ಸೇರಿದ ದಿನ. ಅಡಿಕೆ ಸುಲಿದ ಆಳುಗಳ ಹೆಸರು, ಮಜೂರಿ, ಒಂದು ಕುಪ್ಪಿ ಎಳ್ಳೆಣ್ಣೆ, ಇಷ್ಟೇ ಇತ್ತು.

"ಮುತ್ತಜ್ಜ ಅಂದು ಬೇರೆ ಏನೂ ಬರೆದಿಲ್ಲವಾ ಮಾವ?" ಎಂದು ಕೇಳಿದ. ಕೊನೆಯ ಸಾಲಿನಲ್ಲಿ ಬರೆದು ಹೊಡೆದುಹಾಕಿದ ಒಂದು ಶಬ್ದವಿದೆ. ಅದೇನೆಂದು ನನಗೆ ಓದಲಾಗಲಿಲ್ಲ. ಅವನು ಅದರ ಫೋಟೋ ತೆಗೆದು ದೊಡ್ಡದು ಮಾಡಿ ನೋಡುತ್ತಿದ್ದಾನೆ.